ಸ್ಪಿರಿದೋನಜ್ಜನ ಹಾಡಿಗೆ ಬಾಗಿಲು ಹಾಕಿದ್ದು

ಕ್ರಿಸ್ತ ಎದ್ದಿದ್ದಾನೆ, ಮಗಳೇ ಪೊಲ್ಯಾ,

ಇವತ್ತು ಬುಧವಾರ, ಉಪವಾಸ. ಕ್ರಿಸ್ತ ಎದ್ದ ಪಾಸ್ಖ ಹಬ್ಬದ ವಾರವೆಲ್ಲ ಬುಧವಾರ ಶುಕ್ರವಾರ ಅನ್ನದೆ ಏನು ಬೇಕಾದರೂ ತಿನ್ನಬಹುದಿತ್ತು. ಅದು ಮುಗಿದು ಮತ್ತೆ ಹಾಲು, ಮೊಟ್ಟೆ, ಮಾಂಸ ಬಿಟ್ಟ ಮೊದಲ ದಿನ ಇದು. ಬೆಳಿಗ್ಗೆ ಎದ್ದು ಮೂಲೆಯ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಸರಿಮಾಡಿದೆ. ಸಂತ ನಿಕೊಲಾಯರ ಪಟದ ಗಾಜು ಒರೆಸಿದೆ. ಅಮ್ಮನನ್ನು ಮಗ್ಗುಲು ಹೊರಳಿಸಿ, ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತಿ, ಹಾಸಿಗೆ ಬದಲಿಸಿ, ಚಹಾದಲ್ಲಿ ಅದ್ದಿದ ಬ್ರೆಡ್ಡು ಬಾಯಿಗಿಟ್ಟೆ. ಎರಡು ತುತ್ತು ನುಂಗಿದಳು, ಮೂರನೆಯದಕ್ಕೆ ಹಲ್ಲು ಕಚ್ಚಿದಳು. ಹೊರಗೆ ಹಗ್ಗಕ್ಕೆ ಹಾಕಿದ್ದ ಮೀನಿನ ಹತ್ತಿರ ಹದ್ದು ಬಂದು ಕೂತಿತ್ತು. ಪೊರಕೆ ತೋರಿಸಿ ಬೈದು ಓಡಿಸಿ ಬಂದೆ. ಈಗ ಅಮ್ಮ ಕಣ್ಣು ಮುಚ್ಚಿದ್ದಾಳೆ. ನಿದ್ದೆಯಲ್ಲ, ನನಗೆ ಗೊತ್ತು.

ನೀನು ಶಾಲೆ ನೋಡಿಕೊಳ್ಳುವ ಇನ್ನೊಕೆಂತಿಯ ಫೋನಿಗೆ ಕಳಿಸಿದ ಒಂದು ಸಾಲನ್ನು ಅವನು ತಂದು ತೋರಿಸಿದ. "ಹಬ್ಬದ ದಿನ ಅಜ್ಜಿ ಹಾಡು ಕೇಳಿಸಿಕೊಂಡಳಾ ಚಿಕ್ಕಮ್ಮ?" ಇಷ್ಟು ದಿನ ಮುನಿಸಿಕೊಂಡು ಕೂತವಳು ಇಷ್ಟಾದರೂ ಕೇಳಿದೆಯಲ್ಲ ಅಂತ ಮೊದಲು ಸಮಾಧಾನವಾಯಿತು. ಆಮೇಲೆ ಉತ್ತರ ಹೇಗೆ ಹೇಳಲಿ ಅಂತ ಯೋಚನೆ ಹತ್ತಿತು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ಮಂಚ ಇರುವ ಈ ಒಂದೇ ಕೋಣೆಯಲ್ಲಿ ನಿಂತು ಹೇಳಬೇಕು. ಮೈಯೆಲ್ಲ ಬಿದ್ದುಹೋದರೂ ಅವಳ ಕಿವಿ ಮಾತ್ರ ಇನ್ನೂ ಹರೆಯದ ಹುಡುಗಿಯದು. ಅದಕ್ಕೇ ಈ ಕಾಗದ. ನಮ್ಮೂರ ಶಾಲೆಯಲ್ಲಿ ಕಲಿಸಿದಷ್ಟು ಬರೆಯಲು ಬರುತ್ತದೆ. ತಪ್ಪಿದ್ದರೆ ನೀನು ತಿದ್ದಿಕೊಂಡು ಓದು.

ಮೊದಲಿಂದಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಇಲ್ಲಿ ನಮ್ಮ ಕಡೆ ಹೇಗೆ ನಡೆಯಿತು ಅನ್ನುವುದು ನಿನಗೆ ಗೊತ್ತಿಲ್ಲ.

ಹಬ್ಬಕ್ಕೆ ಮುಂಚಿನ ಏಳು ವಾರದ ದೊಡ್ಡ ಉಪವಾಸ ಶುರುವಾದ ಸೋಮವಾರ ನೀನು ಫೋನ್ ಮಾಡಿದೆ. "ಚಿಕ್ಕಮ್ಮಾ, ಮುತ್ತಜ್ಜ ಸಿಕ್ಕಿದಾನೆ!" ಅಂತ ಕಿರುಚಿದೆ. ಸೀಲ್ ಬೇಟೆಗೆ ದೋಣಿಯಲ್ಲಿ ಹೋಗಿ ವಾಪಸು ಬಾರದ ಅಜ್ಜ. ಹೆಣವೂ ಸಿಗದೆ, ಬರಿಯ ಹೆಸರಿಟ್ಟು ಇಗರ್ಜಿಯಲ್ಲಿ ಸಾವಿನ ಪ್ರಾರ್ಥನೆ ಮಾಡಿದ ಅಜ್ಜ. "ಯಾವ ದಡದಲ್ಲಿ?" ಅಂತ ಕೇಳಿಬಿಟ್ಟೆ. ನೀನು ನಕ್ಕೆ, ಆಮೇಲೆ ಅತ್ತೆ. "ದಡದಲ್ಲಲ್ಲ ಚಿಕ್ಕಮ್ಮ, ಮ್ಯೂಸಿಯಂ ಕಪಾಟಿನಲ್ಲಿ. ಟೇಪಲ್ಲಿ. ಹಾಡ್ತಿದಾನೆ."

ಅಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಹಡಗಿನಲ್ಲಿ ಬಂದು, ನಮ್ಮ ದ್ವೀಪದಲ್ಲಿ ಸ್ವಲ್ಪ ದಿನ ಇದ್ದು, ನಮ್ಮವರ ಮಾತು ಹಾಡು ಎಲ್ಲ ಯಂತ್ರದಲ್ಲಿ ತುಂಬಿಕೊಂಡು ಹೋದ ಪ್ರೊಫೆಸರನ ಕತೆ ಅಮ್ಮ ಆಗಾಗ ಹೇಳುತ್ತಿದ್ದಳು. ಅವನು ಬಂದದ್ದು ಪಾಸ್ಖ ಆದ ತಿಂಗಳಲ್ಲಿ. ಅದಕ್ಕೇ ಅಜ್ಜ ಹಬ್ಬದ ಹಾಡು ಹಾಡಿದ. ಬೇರೆ ಕಾಲದಲ್ಲಿ ಬಂದು ಚಿನ್ನ ಕೊಡುತ್ತೇನೆ ಅಂದಿದ್ದರೂ ಇಗರ್ಜಿಯಲ್ಲಿ ವೇದ ಓದುವ ಸ್ಪಿರಿದೋನ್ ಆ ಹಾಡಿಗೆ ಬಾಯಿ ತೆರೆಯುತ್ತಿರಲಿಲ್ಲ. ಕ್ರಿಸ್ತ ಸತ್ತವರ ನಡುವಿಂದ ಎದ್ದ ಹಾಡು ಅದು. ಅವನು ಏಳುವ ಮೊದಲು ಯಾರೂ ಹಾಡುವಂತಿಲ್ಲ. ಯಂತ್ರ ಹೊತ್ತು ಪ್ರೊಫೆಸರ್ ಹೋದ. ಮಾರನೆಯ ವರ್ಷವೇ ಅಜ್ಜನೂ ಹೋದ. ಅವನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಮ್ಮನಿಗೆ ಮುಖ ಮರೆತುಹೋಗಿದೆ. ದನಿ ಮರೆತಿಲ್ಲ. "ಸತ್ತವರ ಅನ್ನೋ ಮಾತಿಗೆ ಮುಂಚೆ ಉಸಿರು ತಗೋತಿದ್ದ, ಎಲ್ಲರಿಗೂ ಕೇಳಿಸೋ ಹಾಗೆ. ಎದೆಯಲ್ಲಿ ಕ್ಷಯ ಇತ್ತಲ್ಲ," ಅನ್ನುತ್ತಿದ್ದಳು.

ನೀನು ಫೋನಿನಲ್ಲಿ ಎಷ್ಟು ಹುರುಪಿನಿಂದ ಹೇಳಿದೆ! ಮ್ಯೂಸಿಯಂನವರು ಕಪಾಟುಗಳನ್ನೆಲ್ಲ ತೆರೆದು, ಒಳಗಿರುವುದಕ್ಕೆಲ್ಲ ಫೋಟೋ ತೆಗೆದು, ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಲೋಕಕ್ಕೇ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು, ಕೇಳಬಹುದು, ತೆಗೆದುಕೊಂಡು ಹೋಗಬಹುದು, ಯಾರನ್ನೂ ಕೇಳಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ. ಮ್ಯೂಸಿಯಂ ತನ್ನ ಹಕ್ಕನ್ನೆಲ್ಲ ಬಿಟ್ಟಿದೆ ಅಂದೆ. ನಾನು ಅದನ್ನು ಅಮ್ಮನಿಗೆ ಹೇಳಿದಾಗ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ನಿಲ್ಲಿಸಿ, "ಅದು ಅವರ ಹಕ್ಕು ಅಂತ ಯಾರು ಹೇಳಿದ್ದು, ಬಿಡೋದಕ್ಕೆ?" ಅಂದಳು. ಆಮೇಲೆ ಮುಖ ಮೆತ್ತಗಾಯಿತು. "ಇರಲಿ. ನಮ್ಮ ಪೊಲ್ಯ ಮಾಡಿದ್ದಲ್ವಾ. ನಮಗೋಸ್ಕರ ಮಾಡಿದಾಳೆ."

ನೀನು ಯಾಕೆ ಮಾಡಿದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯವರು ನಿಮ್ಮನ್ನೆಲ್ಲ ಆ ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ಅಡುಗೆಗೆ ಅಂತ ನಾನೂ ಬಂದಿದ್ದೆ. ಬಿಳಿ ಕೈಗವಸು ಹಾಕಿದ ಹೆಂಗಸು ಒಂದು ದೊಡ್ಡ ಡ್ರಾಯರ್ ಎಳೆದು, ನಮ್ಮವರು ಸೀಲಿನ ಕರುಳಿನಿಂದ ಹೊಲಿದ ಮಳೆ ಅಂಗಿ ತೋರಿಸಿದಳು. ನೀನು ಬಗ್ಗಿ ಮೂಸಿ ನೋಡಿದೆ. ಅವಳು ಅದರ ಮೇಲೆ ಉಸಿರು ಬಿಡಬೇಡ ಅಂದು ಡ್ರಾಯರ್ ಮುಚ್ಚಿದಳು. ಹೊರಗೆ ಮೆಟ್ಟಿಲ ಮೇಲೆ ಕೂತು ನೀನು ಅತ್ತದ್ದು ನನ್ನ ಕಣ್ಣ ಮುಂದಿದೆ. "ನಮ್ಮೋರ ಬಟ್ಟೆ ಅವರ ಮನೇಲಿದೆ, ನಮಗೆ ಉಸಿರಾಡೋಕೂ ಬಿಡಲ್ಲ ಚಿಕ್ಕಮ್ಮ." ನೀನು ಓದಿ, ಅದೇ ಕಟ್ಟಡದಲ್ಲಿ ಕೆಲಸ ಹಿಡಿದು, ಡ್ರಾಯರುಗಳನ್ನೆಲ್ಲ ತೆರೆದೆ. ನಿನ್ನ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಅದನ್ನು ಆಗ ಹೇಳಲಿಲ್ಲ. ನಾವು ಹಾಗೆಲ್ಲ ಹೇಳುವ ಜನವಲ್ಲ.

ಹಾಡನ್ನು ಆವತ್ತೇ ಕೇಳಬಹುದಿತ್ತು. ಇನ್ನೊಕೆಂತಿ ಶಾಲೆಯ ಬೀಗ, ಬಾಯ್ಲರ್, ಕಂಪ್ಯೂಟರ್ ಎಲ್ಲ ನೋಡಿಕೊಳ್ಳುವವನು. ಓಡಿಬಂದ. "ದೊಡ್ಡಮ್ಮ, ಶಾಲೆಗೆ ಬನ್ನಿ, ಗಾಡೀಲಿ ಕೂರಿಸಿಕೊಂಡು ಹೋಗ್ತೀನಿ. ನಿಮ್ಮಪ್ಪನ್ನ ಕೇಳಿಸ್ತೀನಿ."

ಅಮ್ಮ ಅವನ ಮುಖವನ್ನೇ ನೋಡಿದಳು. "ಇವತ್ತು ಏನು ದಿನ?"

"ಸೋಮವಾರ."

"ಏನು ಸೋಮವಾರ?"

ಅವನು ತಲೆ ಕೆರೆದುಕೊಂಡ. "ಉಪವಾಸದ್ದು. ಆದ್ರೆ ನೀವು ಹಾಡ್ತಿಲ್ವಲ್ಲ ದೊಡ್ಡಮ್ಮ, ಯಂತ್ರ ಹಾಡೋದು."

"ಹಾಡೋದು ನಮ್ಮಪ್ಪ. ಉಪವಾಸದಲ್ಲಿ ಆ ಹಾಡಿಗೆ ಬಾಯಿ ತೆರೀದೇ ಇದ್ದೋನ ಬಾಯಿ ನಾನು ತೆರೆಸ್ಲಾ? ಹಬ್ಬ ಬರಲಿ."

"ಹೋಗಲಿ, ಕೇಳಬೇಡಿ. ಇಳಿಸಿ ನನ್ನ ಫೋನಲ್ಲಿ ಇಟ್ಕೋತೀನಿ. ನಾನು ಹೆಂಗೂ ಪಾಪಿ."

"ನಿನ್ನ ಪಾಪದ ಜೊತೆ ನಮ್ಮಪ್ಪನ್ನ ಯಾಕೆ ಕೂಡಿ ಹಾಕ್ತೀಯೋ? ಇಷ್ಟು ವರ್ಷ ಕಪಾಟಲ್ಲಿ ಕಾದಿದ್ದಾನೆ, ಇನ್ನು ಏಳು ವಾರ ಕಾಯಲ್ವಾ? ಹೋಗು, ಬಾಯ್ಲರ್ ನೋಡ್ಕೋ."

ಅವನು ನಗುತ್ತಾ ಹೋದ. ಅಮ್ಮನ ಮಾತನ್ನು ನಮ್ಮೂರಲ್ಲಿ ಯಾರು ಮೀರಿದ್ದಾರೆ, ಅವನು ಮೀರುವುದಕ್ಕೆ? ಈಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, "ಕದ್ದು ಇಳಿಸಿಕೊಂಡಿದ್ರೆ ನನ್ನಪ್ಪನ ಗಂಟು ಏನು ಹೋಗ್ತಿತ್ತು ಅಕ್ಕ," ಅಂತ.

ಆ ಮೊದಲ ಎರಡು ವಾರ ಅಮ್ಮ ಇದ್ದ ರೀತಿ ನೀನು ನೋಡಬೇಕಿತ್ತು. ನಿನ್ನನ್ನು ಹೊತ್ತು ಬೆಳೆಸುವಾಗ ಇದ್ದ ಚುರುಕು ಮತ್ತೆ ಬಂದಿತ್ತು. ಇಗರ್ಜಿಗೆ ಎಲ್ಲರಿಗಿಂತ ಮುಂಚೆ ಹೋಗುವಳು, ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡುವಳು. ಹಬ್ಬಕ್ಕೆ ಅಪ್ಪ ಬರುತ್ತಿದ್ದಾನೆ ಅನ್ನುವ ಹಾಗೆ ಪರದೆ ಒಗೆಸಿದಳು. ನನಗೆ, "ಉಸ್ತೀನ್ಯಾ, ಆವತ್ತು ನೀನು ಮಧ್ಯೆ ಮಾತಾಡಬಾರದು. ನಿನ್ನ ಮೂಗು ಸೀಟೋದು ಕೂಡ ಕೇಳಿಸಬಾರದು," ಅಂತ ಆಗಲೇ ಕಟ್ಟಪ್ಪಣೆ.

ಮೂರನೆಯ ವಾರ ಆ ಜಾಹೀರಾತು ಬಂತು. ನಮ್ಮೂರ ಕೌನ್ಸಿಲಿನ ಮುಖ್ಯಸ್ಥ ಅಫನಾಸಿಯ ಸೊಸೆ ಮೊದಲು ನೋಡಿದ್ದು. ಶ್ರೀಮಂತರನ್ನು ಹಡಗಿನಲ್ಲಿ ಕೂರಿಸಿಕೊಂಡು ನಮ್ಮ ದ್ವೀಪಗಳನ್ನು ತೋರಿಸುವ ಕಂಪನಿಯದು. ತಿಮಿಂಗಿಲ ನೆಗೆಯುತ್ತದೆ, ಯಾರೋ ವೈನ್ ಕುಡಿಯುತ್ತಾರೆ, ಡೋಲು ಬಡಿಯುತ್ತದೆ, ಅಲೆಯ ಸದ್ದು, ಅದರ ಒಳಗಿಂದ ಒಬ್ಬ ಗಂಡಸು ನಮ್ಮ ಮಾತಿನಲ್ಲಿ ಕ್ರಿಸ್ತ ಎದ್ದ ಹಾಡು ಹಾಡುತ್ತಾನೆ. ಕೊನೆಗೆ ಒಬ್ಬ ಹೆಂಗಸು ಲೋಕದ ಅಂಚಿಗೆ ಬನ್ನಿ ಅಂತ ಕರೆಯುತ್ತಾಳೆ. ಹಾಡುವವನ ಹೆಸರು ನಿಮ್ಮ ಮ್ಯೂಸಿಯಂ ಪುಟದಲ್ಲಿ ಇತ್ತಂತೆ, ಹುಡುಕಿದರು, ಸಿಕ್ಕಿತು. ಆ ಪುಟ ಮಾಡಿದವಳ ಹೆಸರೂ ಸಿಕ್ಕಿತು.

ಅವತ್ತು ಸಂಜೆ ಪ್ರಾರ್ಥನೆ ಆದ ಮೇಲೆ ಸಭೆ ಸೇರಿತು. ನಿನ್ನನ್ನೂ ಫೋನಿನಲ್ಲಿ ಕರೆದಿದ್ದರು, ನೀನು ಅರ್ಧ ಕೇಳಿದೆ. ಉಳಿದದ್ದು ನಾನು ಹೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. "ಉಪವಾಸದಲ್ಲಿ ನಮ್ಮ ಹಾಡನ್ನ ವೈನ್ ಜೊತೆ ಬಡಿಸಿದಾರೆ," ಅಂತ ಅಫನಾಸಿ ಮೇಜು ಗುದ್ದಿದ. "ಸ್ವಂತ ಮುತ್ತಜ್ಜನ್ನ ಬಿಟ್ಟಿ ಹಂಚಿದಳಲ್ಲ ನಿಮ್ಮನೆ ಹುಡುಗಿ," ಅಂತ ಇನ್ನೊಬ್ಬಳು. ಬಿಟ್ಟಿ ಹಂಚಿದ್ದೋ ಮಾರಿದ್ದೋ ಅಂತ ಅದಕ್ಕೊಂದು ಜಗಳ. ನೀನು ಆ ಕಡೆಯಿಂದ, "ನಾನು ಒಂದು ಡಾಲರ್ ಮುಟ್ಟಿಲ್ಲ, ನೀವು ಕೇಳಲಿ ಅಂತ ತೆರೆದಿದ್ದು," ಅಂತ ಅಳುತ್ತಿದ್ದೆ, ಯಾರೋ ಫೋನು ಕಟ್ ಮಾಡಿದರು. ನಾನು ಎದ್ದು ನಿಂತು, ಹುಡುಗಿ ನಮಗೋಸ್ಕರ ಮಾಡಿದ್ದು, ಬೈಯಬೇಕಾದದ್ದು ಹಡಗಿನವರನ್ನು ಅಂದೆ. ಗಾಳಿಗೆ ಹೇಳಿದ ಹಾಗಾಯಿತು. ಇನ್ನೊಕೆಂತಿ ಹಿಂದಿನಿಂದ, "ಅಫನಾಸಿ ಮಾವ, ನಿಮ್ಮ ಕಕ್ಕಸಿನ ಬಾಗಿಲು ಚಿಲಕ ಕಿತ್ತುಹೋಗಿ ಎರಡು ವರ್ಷ ಆಯ್ತು. ಅದನ್ನ ಹಾಕಿಸಿ, ಆಮೇಲೆ ಇಂಟರ್ನೆಟ್ಟಿಗೆ ಚಿಲಕ ಹಾಕೋರಂತೆ," ಅಂದ. ನಕ್ಕರು. ನಕ್ಕು ಮತ್ತೆ ಕೂಗಾಡಿದರು.

ಮ್ಯೂಸಿಯಂ ಆ ಹಾಡನ್ನು, ನಮ್ಮವರ ಎಲ್ಲ ಟೇಪುಗಳನ್ನು, ಕೂಡಲೇ ಮುಚ್ಚಬೇಕು ಅಂತ ಕೌನ್ಸಿಲು ಬರೆಯಿತು. ಸ್ಪಿರಿದೋನನ ಮಕ್ಕಳಲ್ಲಿ ಬದುಕಿರುವವಳು ಅಮ್ಮ ಒಬ್ಬಳೇ, ಅವಳ ಸಹಿ ಮೊದಲು ಬೇಕು ಅಂದರು. ನಾನು ಅವಳ ಕಿವಿಯಲ್ಲಿ, "ಅಮ್ಮ, ಮುಚ್ಚಿದರೆ ಹಬ್ಬದ ದಿನ ನೀನು ಹೇಗೆ ಕೇಳ್ತೀಯ?" ಅಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು.

"ಗಾಳಿ ಬಂದಾಗ ನಾವು ಬಾಗಿಲು ಹಾಕ್ಕೊಳಲ್ವಾ? ಹಾಕ್ಕೊಂಡ್ರೆ ಹೊರಗಿನೋರು ಹೊರಗೆ ಇರ್ತಾರೆ. ನಾನು ಮಗಳು. ನಾನು ಒಳಗೇ ಇದ್ದೀನಲ್ಲ."

ಸಹಿ ಹಾಕಿದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಹೇಳು. ಈ ದ್ವೀಪದಲ್ಲಿ ಯಾವ ಮನೆ ಬಾಗಿಲು ಹಾಕಿದರೂ ಮನೆಮಂದಿ ಒಳಗಿದ್ದೇ ಹಾಕುವುದು. ಬಾಗಿಲು ಹಾಕಿ ಮಗಳನ್ನೇ ಹೊರಗೆ ನಿಲ್ಲಿಸುವ ಮನೆ ನಾವು ಕಂಡಿರಲಿಲ್ಲ.

ಮ್ಯೂಸಿಯಂನವರು ಒಳ್ಳೆಯವರು, ಹೆದರಿದವರು. ಒಂದು ಕೂಗಿಗೆ ಎಲ್ಲ ಮುಚ್ಚಿದರು. ನಿನ್ನನ್ನು ಬೇರೆ ಕೆಲಸಕ್ಕೆ ಹಾಕಿ, ಆ ಟೇಪುಗಳ ಹತ್ತಿರ ಹೋಗಬೇಡ ಅಂದರು ಅಂತ ನೀನು ಇನ್ನೊಕೆಂತಿಗೆ ಬರೆದಿದ್ದೆ. ಅದೇ ಕಾಗದದಲ್ಲಿ ಇನ್ನೊಂದು ಮಾತೂ ಬರೆದಿದ್ದೆ: ತೆರೆದಿದ್ದಾಗ ಯಾರು ಯಾರು ತೆಗೆದುಕೊಂಡು ಹೋದರೋ ಅದು ಅವರ ಹತ್ತಿರವೇ ಇರುತ್ತದೆ, ಬಿಟ್ಟ ಹಕ್ಕನ್ನು ವಾಪಸು ಕರೆಯಲು ಬರುವುದಿಲ್ಲ, ಹಡಗಿನ ಕಂಪನಿ ಜಾಹೀರಾತು ನಿಲ್ಲಿಸಬೇಕಾಗಿಲ್ಲ. ನಾನು ಇದನ್ನು ಎರಡು ಸಲ ಓದಿಸಿದೆ. ಅಂದರೆ ಲೋಕದಲ್ಲಿ ಯಾರ ಯಾರ ಕೈಯಲ್ಲೋ ಅಜ್ಜ ಇದ್ದಾನೆ, ಅವನ ಮಗಳ ಕೈಯಲ್ಲಿ ಮಾತ್ರ ಇಲ್ಲ. ಹೀಗೆ ಅರ್ಥ ತಾನೆ?

ಐದನೆಯ ವಾರ ಅಮ್ಮ ಸ್ನಾನದ ಮನೆಯ ಹೊಸ್ತಿಲಲ್ಲಿ ಬಿದ್ದಳು. ಬಲಗಡೆ ಪೂರ್ತಿ ಹೋಯಿತು. ಆಸ್ಪತ್ರೆಗೆ ವಿಮಾನದಲ್ಲಿ ಒಯ್ಯುತ್ತೇವೆ ಅಂದರೆ ಎಡಗೈಯಲ್ಲಿ ಮಂಚದ ಕಂಬಿ ಹಿಡಿದುಕೊಂಡಳು. "ಹಬ್ಬ ಆಗಲಿ," ಅಂದಳು, ನಾಲಿಗೆ ತೊದಲುತ್ತಿತ್ತು. ಆಗ ನಾನು, ಹಾಡು ನಮಗೂ ಮುಚ್ಚಿಹೋದ ಸುದ್ದಿ ಹೇಳಿದೆ. ನಂಬಲೇ ಇಲ್ಲ. "ನನಗ್ಯಾಕೆ ಬಾಗಿಲು ಹಾಕ್ತಾರೆ?" ಅಂತ ಮಕ್ಕಳ ಹಾಗೆ ಕೇಳಿದಳು.

ಮ್ಯೂಸಿಯಂಗೆ ಫೋನ್ ಮಾಡಿದೆ. ಮೆತ್ತಗಿನ ದನಿಯ ಒಬ್ಬ ಗಂಡಸು ಸಿಕ್ಕಿದ. ಸಮುದಾಯದ ಮಾತಿಗೆ ಗೌರವ ಕೊಟ್ಟು ಮುಚ್ಚಿದ್ದೇವೆ ಅಮ್ಮ ಅಂದ.

"ಸಮುದಾಯ ಇಲ್ಲಿ ಮಂಚದ ಮೇಲೆ ಮಲಗಿದೆ ಸ್ವಾಮಿ," ಅಂದೆ. "ಒಂದೇ ಒಂದು ಸಲ ಫೋನ್ ಹತ್ತಿರ ಹಿಡಿದು ಹಾಕಿ. ಅವಳ ಕಿವಿಗೆ ಇಟ್ಟುಕೊಳ್ತೀನಿ."

ಅವನಿಗೆ ನಿಜವಾಗಿಯೂ ಕೆಡುಕೆನಿಸಿತು, ಉಸಿರಿನಲ್ಲೇ ಗೊತ್ತಾಯಿತು. ಆದರೆ ಆಗುವುದಿಲ್ಲ ಅಂದ. ಶರತ್ಕಾಲದಲ್ಲಿ ಸಮಿತಿ ಕೂರುತ್ತದೆ, ಹಾಡಿದವನ ವಂಶದವರೆಲ್ಲ ಒಪ್ಪಿ ಬರೆದುಕೊಟ್ಟರೆ ಆಗ ನೋಡುತ್ತಾರೆ ಅಂದ. ವಂಶದವರೆಲ್ಲ! ಅಮ್ಮನ ಅಣ್ಣನ ಮಕ್ಕಳಲ್ಲಿ ಒಬ್ಬ ಜೈಲಿನಲ್ಲಿ, ಒಬ್ಬಳು ಆಂಕರೇಜ್ ನಗರದ ಯಾವ ಬೀದಿಯಲ್ಲಿ ಮಲಗುತ್ತಾಳೋ ದೇವರಿಗೇ ಗೊತ್ತು. ಅಫನಾಸಿಯ ಹತ್ತಿರ ಹೋದೆ. ಅವನು ಕೆಟ್ಟವನಲ್ಲ. ಮುದುಕ ನನ್ನೆದುರು ಅತ್ತುಬಿಟ್ಟ. "ನಾನು ಹಡಗಿನೋರಿಗೆ ಬಾಗಿಲು ಹಾಕಿ ಅಂದಿದ್ದು ಉಸ್ತೀನ್ಯಾ, ನಿಮ್ಮಮ್ಮನಿಗಲ್ಲ," ಅಂದ. ಅವತ್ತೇ ಮತ್ತೊಂದು ಕಾಗದ ಬರೆಸಿ ಕಳಿಸಿದ. ಅದಕ್ಕೂ ಅದೇ ಮೆತ್ತಗಿನ ಉತ್ತರ ಬಂತು.

ಇನ್ನೊಕೆಂತಿ ದಿನವೂ ಕೆಲಸ ಮುಗಿದ ಮೇಲೆ ಶಾಲೆಯ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಅವನಿಗೆ ಸಿಕ್ಕಿದ್ದು ಆ ಜಾಹೀರಾತು ಒಂದೇ.

ಈಗ ಹಬ್ಬದ ಬೆಳಗಿನ ಮಾತು ಬರೆಯಬೇಕು. ದೀಪದ ಮುಂದೆ ಹೋಗಿ ನಿಂತು ಬಂದು ಬರೆಯುತ್ತಿದ್ದೇನೆ.

ಇಗರ್ಜಿಯಿಂದ ಬಂದಾಗ ಚೆನ್ನಾಗಿ ಬೆಳಕಾಗಿತ್ತು. ಆಶೀರ್ವಾದದ ರೊಟ್ಟಿ, ಕೆಂಪು ಮೊಟ್ಟೆ ಎಲ್ಲ ಬುಟ್ಟಿಯಲ್ಲಿತ್ತು. ಅಮ್ಮ ಎಚ್ಚರವಾಗಿದ್ದಳು, ತಲೆಗೆ ಒಗೆದ ಬಿಳಿ ವಸ್ತ್ರ ಕಟ್ಟಿಸಿಕೊಂಡಿದ್ದಳು. ನಾನು "ಕ್ರಿಸ್ತ ಎದ್ದಿದ್ದಾನೆ ಅಮ್ಮ," ಅಂದು ಎಡಗೈಯಲ್ಲಿ ಮೊಟ್ಟೆ ಇಟ್ಟೆ. "ನಿಜವಾಗಿ ಎದ್ದಿದ್ದಾನೆ," ಅಂದಳು, ತೊದಲದೆ. ಆಮೇಲೆ, "ಹಾಕು," ಅಂದಳು.

ನಾನು ಜೊತೆಗೆ ಬಂದಿದ್ದ ಇನ್ನೊಕೆಂತಿಯ ಮುಖ ನೋಡಿದೆ. ಅವನು ತಲೆಯಾಡಿಸಿದ, ಬೇಡ ಅಕ್ಕ ಅಂತ. ಆದರೆ ಪೊಲ್ಯಾ, ಏಳು ವಾರ ಕಾದವಳು ಕೈಯಲ್ಲಿ ಮೊಟ್ಟೆ ಹಿಡಿದು ಕಾಯುತ್ತಿದ್ದಳು. ಏನೂ ಇಲ್ಲ ಅಂತ ಹೇಗೆ ಹೇಳಲಿ? ಸ್ವಲ್ಪವೇ ಇದೆ ಅಮ್ಮ, ಬೇರೆ ಸದ್ದೂ ಇದೆ ಅಂದೆ. ಆಗಲಿ ಅಂತ ಕಣ್ಣು ಮಿಟುಕಿಸಿದಳು. ಇನ್ನೊಕೆಂತಿ ಫೋನನ್ನು ಕಿವಿಯ ಹತ್ತಿರ ಹಿಡಿದ. ಚಿತ್ರ ತೋರಿಸಲಿಲ್ಲ.

ಅಲೆ ಬಂತು. ಡೋಲು ಬಂತು. ಅದರಡಿಯಲ್ಲಿ ಅಜ್ಜ ಶುರು ಮಾಡಿದ. ಒಂದು ಸಾಲು ಕೂಡ ಪೂರ್ತಿ ಇಲ್ಲ. ಸತ್ತವರ ಅನ್ನುವ ಮಾತಿನ ಮುಂಚಿನ ಉಸಿರು ಇತ್ತು, ಅದನ್ನು ಮಾತ್ರ ಅವರು ಕತ್ತರಿಸಿರಲಿಲ್ಲ. ಉಸಿರು ಕೇಳಿದ್ದೇ ಅಮ್ಮ ಮೊಟ್ಟೆ ಬಿಟ್ಟು ಎಡಗೈಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು. ನನಗೆ ಆ ಗಳಿಗೆ, ದೇವರೇ, ಇಷ್ಟಾದರೂ ಕೊಟ್ಟೆಯಲ್ಲ ಅನ್ನಿಸಿತು. ಆ ಹೆಂಗಸು ಬನ್ನಿ ಅಂತ ಕರೆದು ಮುಗಿಯಿತು. ಅಮ್ಮ ನನ್ನ ಕಡೆ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು.

"ಅಪ್ಪ ನೀರೊಳಗಿದಾನಾ?"

"ಇಲ್ಲಮ್ಮ, ಅದು ಜಾಹೀರಾತಿನ ಸದ್ದು. ಯಂತ್ರದ್ದು."

"ನೀರೊಳಗಿಂದ ಹಾಡ್ತಿದಾನೆ. ಉಸಿರು ಕಟ್ತಿದೆ ಅವನಿಗೆ." ಅವಳ ಕಣ್ಣು ಕಿಟಕಿಯ ಕಡೆ ಹೋಯಿತು, ಕಡಲ ಕಡೆ. "ಇನ್ನೂ ಎತ್ತಿಲ್ವಾ ಅವನ್ನ?"

ನಾವಿಬ್ಬರೂ ಎಷ್ಟು ಹೇಳಿದರೂ ಕಿವಿಗೆ ಹೋಗಲಿಲ್ಲ. ಅವಳು ನನ್ನ ತಲೆವಸ್ತ್ರದ ತುದಿ ಹಿಡಿದುಕೊಂಡು ಕೇಳಿದ್ದನ್ನು ನಾನು ಪಾದ್ರಿಗಳಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. "ಎಲ್ಲರನ್ನೂ ಎತ್ತಿದ ದಿನ ನಮ್ಮಪ್ಪನ್ನ ಬಿಟ್ಟುಬಂದನಾ ಉಸ್ತೀನ್ಯಾ?" ಅಂದಳು. ತಾನು ಏಳುವಾಗ ಸತ್ತವರನ್ನೆಲ್ಲ ಜೊತೆಗೆ ಎತ್ತಿಕೊಂಡು ಬಂದ ಕ್ರಿಸ್ತನನ್ನು ಕುರಿತು ಕೇಳಿದ್ದು. ಒಂದು ಬುಧವಾರದ ಉಪವಾಸವನ್ನೂ ತಪ್ಪಿಸದವಳು, ಅಜ್ಜನ ಹೆಸರಿನಲ್ಲಿ ವರ್ಷವರ್ಷವೂ ಪ್ರಾರ್ಥನೆ ಮಾಡಿಸಿ ಅವನು ನೆಮ್ಮದಿಯಾಗಿದ್ದಾನೆ ಅಂತ ನಂಬಿ ಮುದುಕಿಯಾದವಳು.

ಅವತ್ತಿಂದ ಊಟ ಸೇರುವುದಿಲ್ಲ. ಗಾಳಿ ಎದ್ದರೆ ಕಿಟಕಿ ಹಾಕು ಅನ್ನುತ್ತಾಳೆ, ಹಾಕಿದರೆ ತೆಗೆ, ಅವನು ಕೂಗಿದರೆ ಕೇಳಿಸಲ್ಲ ಅನ್ನುತ್ತಾಳೆ. ಪ್ರಾರ್ಥನೆ ಓದಲು ಕೂತರೆ ಮುಖ ತಿರುಗಿಸುತ್ತಾಳೆ. ಬೇಸಿಗೆಯ ಸಾಲ್ಮನ್ ಮೀನು ಬರುವವರೆಗೆ ಇರುವುದಿಲ್ಲ ಅಂತ ದವಾಖಾನೆಯ ನರ್ಸ್ ಹೇಳಿದಳು. ಅವಳು ಹೋಗುವುದಕ್ಕೆ ನಾನು ಅಳುವುದಿಲ್ಲ ಪೊಲ್ಯಾ. ಎಲ್ಲರೂ ಹೋಗುವವರೇ. ಅಪ್ಪ ಮುಳುಗುತ್ತಿದ್ದಾನೆ ಅಂದುಕೊಂಡು, ದೇವರ ಮೇಲೆ ಮುನಿಸಿಕೊಂಡು ಹೋಗುತ್ತಾಳಲ್ಲ, ಅದು ನನ್ನಿಂದ ತಡೆಯಲಾಗುತ್ತಿಲ್ಲ.

ಅದಕ್ಕೇ ಕೇಳುತ್ತೇನೆ. ಅಲೆ ಇಲ್ಲದ, ಡೋಲಿಲ್ಲದ ಅಜ್ಜನ ದನಿ ಬೇಕು. ನೆಲದ ಮೇಲೆ, ಇಗರ್ಜಿಯಲ್ಲಿ ನಿಂತು ಹಾಡ್ತಿದ್ದಾನೆ ನೋಡಮ್ಮ ಅಂತ ಒಂದು ಸಲ ಅವಳಿಗೆ ಕೇಳಿಸಬೇಕು. ನಿನ್ನ ಹತ್ತಿರ ಇಲ್ಲ ಅಂತ ಗೊತ್ತು. ನಿನ್ನದಲ್ಲದ್ದನ್ನು ನೀನು ಮನೆಗೆ ಒಯ್ಯುವವಳಲ್ಲ, ಅಮ್ಮ ಹಾಗೆ ಬೆಳೆಸಿಲ್ಲ. ಮ್ಯೂಸಿಯಂನಿಂದ ಕದ್ದು ತಾ ಅಂತಲೂ ಹೇಳುವುದಿಲ್ಲ. ಆದರೆ ಬಾಗಿಲು ತೆರೆದಿದ್ದ ಆ ಕೆಲವು ವಾರ ಬಂದು ತೆಗೆದುಕೊಂಡು ಹೋದವರು ಯಾರಾದರೂ ಇರುತ್ತಾರಲ್ಲ, ಯಾವ ದೇಶದವರೋ, ಹಾಡು ಕೂಡಿಡುವ ಹುಚ್ಚಿನವರೋ, ಅವರನ್ನು ಕೇಳು. ನಮ್ಮ ಅಜ್ಜನನ್ನು ಒಂದು ಸಲ ಕೊಡಿ ಅಂತ ಕೇಳು. ನಾಚಿಕೆ ಬೇಡ. ಸಿಕ್ಕರೆ ಫೋನಿಗೆ ಕಳಿಸಬೇಡ. ಇಲ್ಲಿಯ ಸಂಪರ್ಕ ಅರ್ಧದಲ್ಲಿ ನಿಂತರೆ ಅದನ್ನೂ ಅವಳು ಉಸಿರು ಕಟ್ಟಿತು ಅಂದುಕೊಳ್ಳುತ್ತಾಳೆ. ಯಾವುದಕ್ಕಾದರೂ ತುಂಬಿ ಟಪಾಲು ವಿಮಾನದಲ್ಲಿ ಕಳಿಸು.

ಸಿಗುತ್ತದೆ ಅಂತ ನಂಬಿ ಬರೆಯುತ್ತಿಲ್ಲ. ಈ ಕಾಗದ ನಿನಗೆ ಮುಟ್ಟುವುದಕ್ಕೇ ಗಾಳಿ ಬಿಡಬೇಕು, ಮಂಜು ಸರಿಯಬೇಕು. ಆದರೂ ಬರೆದೆ. ನೀನು ಕೇಳಿದೆ, ಅಜ್ಜಿ ಕೇಳಿಸಿಕೊಂಡಳಾ ಅಂತ. ಕೇಳಿಸಿಕೊಂಡಳು ಮಗಳೇ.

ನಿನ್ನನ್ನು ಬೈದವರ ಮಾತು ಅಮ್ಮನ ಬಾಯಲ್ಲಿ ಒಂದು ದಿನವೂ ಬಂದಿಲ್ಲ. ನೀನು ತೆರೆದದ್ದು ಸರಿಯೋ ಅವರು ಮುಚ್ಚಿಸಿದ್ದು ಸರಿಯೋ ನನ್ನ ತಲೆಗೆ ಹೊಳೆಯುವುದಿಲ್ಲ. ಎರಡರ ನಡುವೆ ನಮ್ಮಮ್ಮ ಸಿಕ್ಕಿಹಾಕಿಕೊಂಡಳು, ಅದಷ್ಟೇ ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಉಣ್ಣು. ಬುಧವಾರ ಶುಕ್ರವಾರ ಆದಷ್ಟು ಪಾಲಿಸು, ಆಗದಿದ್ದರೆ ದೇವರು ನೋಡಿಕೊಳ್ಳುತ್ತಾನೆ. ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ.

ನಿನ್ನ ತಾಯಿಯ ತಂಗಿ,
ಉಸ್ತೀನ್ಯ

ಇನ್ನೊಕೆಂತಿ, ಈ ಕಾಗದ ಅಂಟಿಸುವ ಮೊದಲು ನೀನು ಓದುತ್ತೀಯ ಅಂತ ಗೊತ್ತು, ಅದಕ್ಕೆ ಇಲ್ಲೇ ಬರೆಯುತ್ತೇನೆ. ಅಮ್ಮನನ್ನು ಬಿಟ್ಟು ನಾನು ಏರ್‌ಸ್ಟ್ರಿಪ್ಪಿಗೆ ಬರಲಾರೆ. ಟಪಾಲು ವಿಮಾನ ಬಂದಾಗೆಲ್ಲ ಹೋಗಿ ಪೊಲ್ಯಳ ಉತ್ತರ ಬಂದಿದೆಯಾ ನೋಡಿ ನೀನೇ ತಂದುಕೊಡು. ಕಾಗದ ಮಾತ್ರ ಇದ್ದು ಒಳಗೆ ಬೇರೇನೂ ಇಲ್ಲದಿದ್ದರೆ ಬಾಗಿಲಿಗೆ ಬರಬೇಡ, ಹಿಂದಿನ ಕಿಟಕಿಗೆ ಬಾ. ನಿನ್ನ ಮುಖ ಸುಳ್ಳು ಹೇಳುವುದಿಲ್ಲ. ಅವಳು ನೋಡಿಬಿಡುತ್ತಾಳೆ.